ನಾಲ್ಕು ಕಂಪನಿ ಸೇರಿದರೆ ಸಾಲದು, ಎಂಜಿನ್ ಎರಡಕ್ಕೆ ಇಳಿಯಬೇಕಿತ್ತು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಹಳೆಯ ಅಮೆರಿಕನ್ ಕಾರುಗಳ ಬಗ್ಗೆ ಬಂದ ಬರಹ ಓದಿದೆ. 1954ರಲ್ಲಿ ನ್ಯಾಶ್, ಹಡ್ಸನ್, ಸ್ಟುಡಿಬೇಕರ್, ಪ್ಯಾಕಾರ್ಡ್ ನಾಲ್ಕೂ ಒಂದಾಗಿದ್ದರೆ ಉಳಿದುಕೊಳ್ಳುತ್ತಿದ್ದವು ಎಂದು ಲೇಖಕರು ಹೇಳಿದ್ದಾರೆ. ನ್ಯಾಶ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಕಂಡ ಕನಸೂ ಅದೇ. ಅವರು ಆ ಅಕ್ಟೋಬರ್‌ನಲ್ಲೇ ತೀರಿಕೊಂಡರು. ಕಂಪನಿಗಳು ಎರಡೆರಡಾಗಿ ಸೇರಿದವು, ಅಷ್ಟೇ. ಆದರೆ ಸುಮ್ನೆ ಬೋರ್ಡು ಬದಲಿಸಿದರೆ ಆಯ್ತಾ? ಎಂಜಿನ್ ಲೆಕ್ಕ ಯಾರು ಹಾಕಬೇಕು? ನನ್ನ ಪ್ರಕಾರ ಎರಡೇ ಬಗೆಯ ಎಂಜಿನ್ ಇಟ್ಟುಕೊಳ್ಳಬೇಕಿತ್ತು: ದೊಡ್ಡ ಕಾರಿಗೊಂದು, ಚಿಕ್ಕ ಕಾರಿಗೊಂದು.

ನಾನು ದಾವಣಗೆರೆಯಲ್ಲಿ 38 ವರ್ಷ ಎಂಜಿನ್ ರೀಬೋರ್ ಮಾಡಿದವನು, ಅಂದರೆ ಸವೆದ ಸಿಲಿಂಡರನ್ನು ಕೊರೆದು ಸ್ವಲ್ಪ ಅಗಲ ಮಾಡುವ ಕೆಲಸ. ಸಿಲಿಂಡರುಗಳಿರುವ ಎರಕದ ಬ್ಲಾಕ್ ಬಂದರೆ ಮೊದಲು ನೋಡುವುದು ಬೋರಿನ, ಅಂದರೆ ಸಿಲಿಂಡರ್ ತೂತಿನ, ಗೋಡೆ. ಒಮ್ಮೆ ಹಳೆಯ ಲಾರಿಯ ಬ್ಲಾಕ್ ಬಂದಿತ್ತು. ಆಗಲೇ ಯಾರೋ ಎರಡು ಸಲ ಬೋರ್ ಹೊಡೆದಿದ್ದರು. ಓನರ್ ಒತ್ತಾಯಕ್ಕೆ ಇನ್ನೊಂದು ಓವರ್‌ಸೈಜ್‌ಗೆ ಹೋದೆ. ಮಾರನೇ ದಿನ ನೀರು ತುಂಬಿಸಿ ನೋಡಿದರೆ, ಮೂರನೇ ಸಿಲಿಂಡರಿನೊಳಗೆ ಕೂದಲೆಳೆಯಷ್ಟು ತೇವದ ಗೆರೆ. ಬೆರಳಲ್ಲಿ ಒರೆಸಿದೆ, ಮತ್ತೆ ಮೂಡಿತು. ಗೋಡೆ ತೀರಾ ತೆಳುವಾಗಿತ್ತು. ಎಂಜಿನ್ ಎಷ್ಟು ಬೆಳೆಯಬಹುದು ಅನ್ನುವುದು ಎರಕ ಹೊಯ್ದ ದಿನವೇ ತೀರ್ಮಾನ ಆಗಿರುತ್ತದೆ.

ಸ್ಟುಡಿಬೇಕರ್ ವಿ-8 (ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್) ಕಥೆಯೂ ಅದೇ. ಸಿಲಿಂಡರುಗಳ ಒಟ್ಟು ಅಳತೆ 1951ರಲ್ಲಿ 232 ಘನ ಇಂಚು, ಆಮೇಲೆ 289, ಕೊನೆಗೆ ಹೆಣಗಾಡಿ 304. ಪ್ಯಾಕಾರ್ಡ್ ವಿ-8 ಮಾತ್ರ 1955ರಲ್ಲಿ 320 ಮತ್ತು 352ರಿಂದ ಶುರುವಾಗಿ ಮರುವರ್ಷವೇ 374 ಮುಟ್ಟಿತು. ಬೆಳೆಯಲು ಇನ್ನೂ ಜಾಗ ಇತ್ತು.

ಹಾಗಾಗಿ ದೊಡ್ಡ ಕಾರಿಗೆಲ್ಲ ಪ್ಯಾಕಾರ್ಡ್ ಬ್ಲಾಕ್ ಒಂದೇ ಸಾಕು. ಒಂದು ರಿಪೇರಿ ಮಾತ್ರ ಬೇಕು. ಆಯಿಲ್ ಪಂಪಿನ ಜೊತೆಗೇ ವೈಪರಿನ ವ್ಯಾಕ್ಯೂಮ್ ಪಂಪ್ ಕೂರಿಸಿದ್ದರು. ಅಲ್ಲಿಂದ ಆಯಿಲಿಗೆ ಗಾಳಿ ಸೇರಿ ವಾಲ್ವ್ ತೆರೆಸುವ ಟ್ಯಾಪೆಟ್ ಕಟಕಟ ಅನ್ನುತ್ತಿತ್ತು. ಅದನ್ನು ಬಿಚ್ಚಿ ಬೇರೆ ಕಡೆ ಇಡಬೇಕು.

ಹಡ್ಸನ್ ಹಾರ್ನೆಟ್ ಕಾರಿನ 308 ಘನ ಇಂಚಿನ ಸಿಕ್ಸ್ ಸಿಲಿಂಡರ್ ಅಂದರೆ ನನಗೆ ಪ್ರಾಣ. ವಿ-8ಗಳನ್ನೆಲ್ಲ ಹಿಂದೆ ಹಾಕಿ ರೇಸ್ ಗೆದ್ದ ಎಂಜಿನ್ ಅದು. ಆದರೂ ನಿಲ್ಲಿಸಲೇಬೇಕು. ಅದು ಸೈಡ್ ವಾಲ್ವ್, ಅಂದರೆ ವಾಲ್ವ್ ಸಿಲಿಂಡರಿನ ಪಕ್ಕದಲ್ಲಿರುವ ಎಂಜಿನ್; ಅದರಲ್ಲಿ ಕಂಪ್ರೆಷನ್ (ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತುವ ಪ್ರಮಾಣ) ಒಂದು ಮಿತಿ ಮೀರಿ ಜಾಸ್ತಿ ಮಾಡಲು ಆಗುವುದಿಲ್ಲ. ಚಿಕ್ಕ ಕಾರುಗಳಿಗೆ ಹೊಸ ಸಿಕ್ಸ್ ಸಿಲಿಂಡರ್ ಬೇಕಿತ್ತು: ಕ್ರ್ಯಾಂಕ್‌ಶಾಫ್ಟನ್ನು ಹಿಡಿಯುವ ಮೇನ್ ಬೇರಿಂಗ್ ಏಳು, ವಾಲ್ವ್ ಸಿಲಿಂಡರಿನ ಮೇಲೆ (ಓವರ್‌ಹೆಡ್ ವಾಲ್ವ್). ಇದು ಗಾಳಿಮಾತಲ್ಲ. ನ್ಯಾಶ್-ಹಡ್ಸನ್ ಸೇರಿ ಆದ ಎಎಂಸಿ (ಅಮೆರಿಕನ್ ಮೋಟಾರ್ಸ್) ಕಂಪನಿ 1964ರಲ್ಲಿ ಅಂಥದ್ದೇ ಎಂಜಿನ್ ತಂದಿತು. ಅದರ ವಂಶದ 4 ಲೀಟರ್ ಎಂಜಿನ್ 2006ರವರೆಗೂ ಜೀಪಿನಲ್ಲಿ ಬಂತು. ಹತ್ತು ವರ್ಷ ಮೊದಲೇ ತಂದಿದ್ದರೆ?

1955ರಲ್ಲಿ ಷೆವ್ರೊಲೆ ಸುಮಾರು 17 ಲಕ್ಷ ಕಾರು ಮಾಡಿತು, ಪ್ಯಾಕಾರ್ಡ್ ಸುಮಾರು 55 ಸಾವಿರ. ಆದರೆ ಎಂಜಿನ್ ಲೈನಿನ ಮಷಿನ್‌ಗಳು ಅವರಿಗೊಂದು ರೇಟು, ಇವರಿಗೊಂದು ರೇಟು ಸಿಗುತ್ತವಾ? ಅಷ್ಟೇ ಖರ್ಚು ಕಡಿಮೆ ಕಾರುಗಳ ಮೇಲೆ ಬೀಳುತ್ತದೆ. ಹಾಗಾಗಿ ನಾಲ್ಕು ಕಂಪನಿಯ ಎಂಜಿನ್‌ಗಳನ್ನೆಲ್ಲ ಇಟ್ಟುಕೊಂಡು ಬದುಕಲು ಆಗುತ್ತಿರಲಿಲ್ಲ.

ಆ ಹೊಸ ಸಿಕ್ಸನ್ನು ಅಮೆರಿಕದ ಸೌತ್ ಬೆಂಡ್ ಊರಿನ ಸ್ಟುಡಿಬೇಕರ್ ಎರಕದ ಮನೆಯಲ್ಲೇ ಹೊಯ್ಯಬೇಕಿತ್ತು ಅನ್ನುವುದು ನನ್ನ ಆಸೆ. ಅಲ್ಲಿ ಕಾರು ತಯಾರಿಕೆ 1963ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಲೇಖಕರು ಮುಂದಿನ ಸಲ ಆ ಎರಕದ ಮನೆಯ ಕೆಲಸಗಾರರ ಬಗ್ಗೆ ಬರೆಯಲಿ ಎಂದು ಕೇಳಿಕೊಳ್ಳುತ್ತೇನೆ.

— ನಿವೃತ್ತ ರೀಬೋರಿಂಗ್ ಮೆಕ್ಯಾನಿಕ್, ದಾವಣಗೆರೆ