ಆ ದೃಶ್ಯ ತೆಗೆಯಬೇಡ ಮಗಳೇ

ಪ್ರೀತಿಯ ಪುಟ್ಟಿ,

ನಿನ್ನೆ ನೀನು ಹೇಳಿದ್ದು ರಾತ್ರಿಯೆಲ್ಲ ತಲೆಯಲ್ಲಿ ಕೊರೆಯುತ್ತಿತ್ತು. ಫೋನಿನಲ್ಲಿ ಇಷ್ಟೆಲ್ಲ ಮಾತಾಡಲು ಆಗುವುದಿಲ್ಲ, ನೀನು ಆಫೀಸಿಗೆ ಓಡುವ ಹೊತ್ತು ಬೇರೆ. ಅದಕ್ಕೇ ಬರೆಯುತ್ತಿದ್ದೇನೆ, ಪುರುಸೊತ್ತಾದಾಗ ಓದು.

ರಾಜ್ಯೋತ್ಸವಕ್ಕೆ ಅಲ್ಲಿ ಇಂಗ್ಲೆಂಡಿನಲ್ಲಿ ನೀವು ಗೆಳತಿಯರು ಸೇರಿ ಆಡುತ್ತಿರುವ ನಾಟಕದಿಂದ ಪೊಲೀಸ್ ಠಾಣೆಯ ದೃಶ್ಯ ತೆಗೆದುಬಿಡುತ್ತೀಯಂತೆ. "ಇಲ್ಲದ ತಲೆನೋವು ಯಾಕಮ್ಮ, ವೀಸಾ ರಿನ್ಯೂವಲ್ ಬೇರೆ ಹತ್ತಿರ ಬಂತು, ಜನ ಬರೋದು ಎಂಟರ್‌ಟೈನ್‌ಮೆಂಟಿಗೆ" ಅಂದೆ. ತೆಗೆ ಅಂತ ಯಾರೂ ಹೇಳಿಲ್ಲ. ಯಾರೋ ಹಿರಿಯರು "ಇದು ಬೇಕಾ?" ಅಂತ ಕೇಳಿದರಂತೆ, ಅಷ್ಟೇ. ಅಷ್ಟಕ್ಕೇ ನೀನು ಪೆನ್ನು ತಗೊಂಡು ಹೊಡೆದುಹಾಕಲು ಹೊರಟಿದ್ದೀಯಲ್ಲ, ನನಗೆ ಸಂಕಟ ಆಗಿದ್ದು ಅದಕ್ಕೆ.

ಆ ದೃಶ್ಯವನ್ನು ನೀನು ನಿಮ್ಮ ಅಡುಗೆಮನೆಯಲ್ಲಿ ನನಗೆ ಓದಿ ತೋರಿಸಿದ್ದೆ, ನಾನು ಚಪಾತಿ ಲಟ್ಟಿಸುತ್ತಿದ್ದಾಗ. ಮುದುಕಿಯೊಬ್ಬಳು ಠಾಣೆಗೆ ಬರುತ್ತಾಳೆ. ಕಾನ್‌ಸ್ಟೇಬಲ್ ರಿಜಿಸ್ಟರ್ ತಿರುವುತ್ತಾನೆ, ಕೂತ್ಕೋ ಅಂತ ಕುರ್ಚಿ ತೋರಿಸುತ್ತಾನೆ, ಕುರ್ಚಿಗೆ ಮೂರೇ ಕಾಲು. ಜನ ಅಲ್ಲಿ ನಗುತ್ತಾರೆ. ಆಮೇಲೆ ಅವಳು ಕೇಳುತ್ತಾಳೆ, "ನನ್ನ ಮಗನ್ನ ಯಾಕೆ ಕರ್ಕೊಂಡು ಬಂದ್ರಿ ಅಂತ ಹೇಳಿ ಸ್ವಾಮಿ, ಅಷ್ಟು ಸಾಕು." ಬಿಟ್ಟುಬಿಡಿ ಅಂತಲೂ ಕೇಳುವುದಿಲ್ಲ. ಪುಟ್ಟಿ, ಆ ಒಂದು ಸಾಲು ಅಂದರೆ ನಮ್ಮ ಸಂವಿಧಾನದ 22ನೇ ವಿಧಿ. ಹಿಡಿದವರು ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮುಂದೆ ಏನಾದರೂ ಮಾಡಬಹುದು ಅಂತ ಮೊದಲೇ ಹಿಡಿಯುವ ಮುನ್ನೆಚ್ಚರಿಕೆಯ ಬಂಧನಕ್ಕೆ ಮಾತ್ರ ಅದೇ ವಿಧಿಯಲ್ಲಿ ವಿನಾಯಿತಿ ಇದೆ, ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಜನರನ್ನು ಒಳಗಿಟ್ಟ ಮಿಸಾ ಕಾಯ್ದೆ ನುಗ್ಗಿದ್ದು ಆ ಕಂಡಿಯಿಂದಲೇ. ನಿನ್ನ ಮುದುಕಿಗೆ ವಿಧಿ ಗಿಧಿ ಗೊತ್ತಿಲ್ಲ, ಆದರೂ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ಇಡೀ ನಾಟಕದಲ್ಲಿ ನೀನು ಬರೆದಿರುವ ಅತ್ಯುತ್ತಮ ಸಾಲು ಅದು.

ಎಂಟರ್‌ಟೈನ್‌ಮೆಂಟ್ ಬೇರೆ, ಇದೆಲ್ಲ ಬೇರೆ ಅಂತ ನೀನು ಅಂದುಕೊಂಡಿದ್ದೀಯ. ಈ ಜುಲೈನಲ್ಲಿ ನಾವು ಬಂದಾಗಲೂ ಅದನ್ನೇ ಹೇಳುತ್ತಿದ್ದೆ, "ರಜಾ ಮಾಡೋಕೆ ಬಂದಿದ್ದೀರ, ಸುಮ್ನೆ ಎಂಜಾಯ್ ಮಾಡಿ." ಮಾಡಿದೆವಲ್ಲ. ನಮ್ಮಲ್ಲಿ ಮಳೆಗಾಲ, ನಿಮ್ಮಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು. ನೀನು ನಮ್ಮನ್ನು ಲಂಡನ್ನಿನ ಗ್ಲೋಬ್ ಥಿಯೇಟರಿಗೆ ಕರ್ಕೊಂಡು ಹೋದೆ, ಆಗ 5 ಪೌಂಡ್‌ನಿಂದ ಶುರುವಾಗುತ್ತಿದ್ದ ನಿಂತು ನೋಡುವ ಟಿಕೆಟ್. ತಲೆಯ ಮೇಲೆ ಸೂರಿಲ್ಲ, ಛತ್ರಿ ಬಿಡಿಸುವ ಹಾಗಿಲ್ಲ, ಆಟದ ಮಧ್ಯೆ ನೆಲದ ಮೇಲೆ ಕೂರಲೂ ಬಿಡುವುದಿಲ್ಲ. ನಾನು ರಂಗದ ಅಂಚಿಗೆ ಮೊಣಕೈ ಊರಿ ನಿಂತಿದ್ದೆ. ನಟನೊಬ್ಬ ಜನರ ಮಧ್ಯದಿಂದಲೇ ನುಗ್ಗಿ ಬಂದ, ಅವನ ಬೂಟಿನ ಲೇಸು ಬಿಚ್ಚಿದ್ದೂ ಕಾಣುವಷ್ಟು ಹತ್ತಿರ. ಜಿಟಿಜಿಟಿ ಮಳೆ ಬಂತು, ಒಬ್ಬರೂ ಕದಲಲಿಲ್ಲ. ಮೈಸೂರಿನಲ್ಲಿ ರಂಗಾಯಣದ ವನರಂಗದಲ್ಲಿ ಕೂತು ನೋಡಿದ ಎಷ್ಟೋ ರಾತ್ರಿಗಳು ನೆನಪಾದವು. ರಾಜನನ್ನು ಮುಖಕ್ಕೆ ಹೊಡೆದಂತೆ ಬೈಯುವ ಮಾತು ಬಂದಾಗ ಜನ ಚಪ್ಪಾಳೆ ಹೊಡೆದರು, ನೀನೂ ಹೊಡೆದೆ.

ಆ ದೇಶದಲ್ಲಿ ಆ ಚಪ್ಪಾಳೆಗೆ ಒಂದು ಹಿನ್ನೆಲೆ ಇದೆ. 1737ರಿಂದ ಅಲ್ಲಿ ಯಾವ ಹೊಸ ನಾಟಕ ಆಡಬೇಕಾದರೂ ಸ್ಕ್ರಿಪ್ಟನ್ನು ಮೊದಲು ಅರಮನೆಯ ಹಿರಿಯ ಅಧಿಕಾರಿ ಲಾರ್ಡ್ ಚೇಂಬರ್ಲೇನ್ ಕಚೇರಿಗೆ ಕೊಡಬೇಕಿತ್ತು. ಅಲ್ಲಿ ಕೂತವರು ಇಷ್ಟವಾಗದ ಸಾಲು ಹೊಡೆದು ಕಳಿಸುತ್ತಿದ್ದರು. ಅದು ನಿಂತದ್ದು 1968ರಲ್ಲಿ, ಅಂದರೆ ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಅದೇ ಬ್ರಿಟಿಷರು ನಮ್ಮ ಮೇಲೆ 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ಹೇರಿದ್ದರು. ಸರ್ಕಾರಕ್ಕೆ ಆಗದ ನಾಟಕವನ್ನು ನಿಲ್ಲಿಸಲು. ಅವರು ತಮ್ಮ ಮನೆಯಲ್ಲಿ ಸೆನ್ಸಾರ್ ತೆಗೆದುಹಾಕಿ ಅರ್ಧ ಶತಮಾನ ಆದಮೇಲೆ, 2018ರ ಜನವರಿಯಲ್ಲಿ, ಆ 1876ರ ಕಾಯ್ದೆ ನಮ್ಮ ಪುಸ್ತಕದಿಂದ ಹೋಯಿತು. ನಾವು ಸುಮ್ನೆ ನಿಂತು ನೋಡಿ ಖುಷಿಪಟ್ಟ ಆ ಸಂಜೆ ಹೀಗೆ ಯಾರ್ಯಾರೋ ಜಗಳ ಆಡಿ ಉಳಿಸಿಕೊಂಡದ್ದು.

ಇಂಗ್ಲೆಂಡ್ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಭಾನುವಾರ ಹೈಡ್ ಪಾರ್ಕಿನ ಸ್ಪೀಕರ್ಸ್ ಕಾರ್ನರ್‌ನಲ್ಲಿ ಒಬ್ಬ ಸಣ್ಣ ಏಣಿ ಹತ್ತಿ ಪ್ರಧಾನಿಯನ್ನು ಬೈಯುತ್ತಿದ್ದ, ಪಕ್ಕದಲ್ಲಿ ಪೊಲೀಸ್ ಕೈಕಟ್ಟಿ ನಿಂತಿದ್ದ. ಮನೆಯಲ್ಲಿ ಎರಡು ಮಾತು ಜಾಸ್ತಿ ಆಡದ ನಿಮ್ಮಪ್ಪ ಕೂಡ ಅವನಿಗೆ ಒಂದು ಪ್ರಶ್ನೆ ಕೇಳಿಬಿಟ್ಟರು, ನನಗೆ ಎಷ್ಟು ಸಂತೋಷ ಆಯಿತು ಗೊತ್ತಾ. ಆದರೆ 2025ರ ಆಗಸ್ಟ್ 9ರಂದು ಅದೇ ಊರಿನಲ್ಲಿ, ಪಾರ್ಲಿಮೆಂಟ್ ಸ್ಕ್ವೇರ್‌ನಲ್ಲಿ, ನಿಷೇಧಿತ ಸಂಘಟನೆಗೆ ಬೆಂಬಲ ಅಂತ ಬರೆದ ರಟ್ಟು ಹಿಡಿದು ಕೂತಿದ್ದಕ್ಕೆ ಒಂದೇ ದಿನ 500ಕ್ಕೂ ಜಾಸ್ತಿ ಜನರನ್ನು ಹಿಡಿದರು. ಅವರಲ್ಲಿ ಅರ್ಧದಷ್ಟು ಮಂದಿ 60 ದಾಟಿದವರು. ನನ್ನ ವಯಸ್ಸಿನವರು, ನನಗಿಂತ ದೊಡ್ಡವರು. ಆ ಸಂಘಟನೆ ಸರಿಯೋ ತಪ್ಪೋ, ಅದು ಬೇರೆ ಮಾತು. ಬಿಳಿ ಕೂದಲಿನ ಅಜ್ಜಿಯನ್ನು ಎರಡೂ ತೋಳು ಹಿಡಿದು ಎತ್ತಿಕೊಂಡು ಹೋಗುವುದನ್ನು ಟಿವಿಯಲ್ಲಿ ನೋಡುತ್ತಿದ್ದಾಗ ನೀನು ರಿಮೋಟ್ ತಗೊಂಡು ಚಾನೆಲ್ ಬದಲಿಸಿದೆ. ನಾನು ಆಗ ಏನೂ ಅನ್ನಲಿಲ್ಲ. ಈಗ ಹೇಳುತ್ತೇನೆ, ನೋಡಬೇಕಿತ್ತು ಪುಟ್ಟಿ. ಹಳೇ ದೇಶ, ಹಳೇ ಪಾರ್ಲಿಮೆಂಟ್ ಅಂತ ಹಕ್ಕು ತಾನಾಗಿ ಉಳಿಯುವುದಿಲ್ಲ.

ನಿನಗೆ ಸ್ನೇಹಲತಾ ರೆಡ್ಡಿ ಅವರ ಬಗ್ಗೆ ಹೇಳಲೇಬೇಕು. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯ ಪಾತ್ರ ಮಾಡಿದವರು. 1970ರ ಆ ಚಿತ್ರವನ್ನೂ ಸೆನ್ಸಾರಿನವರು ಮೊದಲು ತಡೆದಿದ್ದರು, ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ತುರ್ತುಪರಿಸ್ಥಿತಿ ಇರುವಾಗ ನನ್ನನ್ನು ಯಾಕೆ ಹಿಡಿದಿರಿ ಅಂತ ಕೋರ್ಟಿಗೆ ಬಂದು ಕೇಳುವ ಹಾಗಿಲ್ಲ ಅಂತ. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆಮೇಲೆ ಕೆಲವೇ ದಿನ, ಮೇ ಶುರುವಿನಲ್ಲಿ, ಸ್ನೇಹಲತಾ ಅವರನ್ನು ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ವಿಚಾರಣೆಯೇ ಇಲ್ಲ. ಅವರಿಗೆ ಅಸ್ತಮಾ ಇತ್ತು, ಜೈಲಿನಲ್ಲಿ ಉಸಿರು ಸಿಗದೆ ಒದ್ದಾಡಿದರು. 1977ರ ಜನವರಿ 15ಕ್ಕೆ ಪರೋಲ್ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ಆ ಜೈಲೇ ಈಗ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವುದಿದ್ದರೆ ಈಗ ಅಲ್ಲಿಗೇ ಹೋಗಬೇಕು, ಬೇರೆ ಕಡೆ ಬಿಡುವುದಿಲ್ಲ. ನಾನು ಬೆಂಗಳೂರಿಗೆ ಹೋದಾಗ ಸಮಯ ಸಿಕ್ಕರೆ ಆ ಬ್ಯಾರಕ್‌ಗಳ ಕಡೆ ಒಂದು ಸುತ್ತು ಹಾಕಿ ಬರುತ್ತೇನೆ. ನಿನ್ನ ಮುದುಕಿಯ ಪ್ರಶ್ನೆಯನ್ನೇ ಆ ಕೋಣೆಗಳಲ್ಲಿ ಎಷ್ಟು ಜನ ಕೇಳಿರಬೇಕು!

ಇನ್ನು ನಿನ್ನ ಪಾಸ್‌ಪೋರ್ಟಿನ ವಿಷಯ. 1977ರ ಜುಲೈನಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರ್ಕಾರ ವಾಪಸ್ ಕೇಳಿತು. ಕಾರಣ ಕೇಳಿದರೆ ಸಾರ್ವಜನಿಕ ಹಿತ, ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ ಅಂದರು. ಅವರು ಇಂದಿರಾ ಗಾಂಧಿಯವರ ಸೊಸೆ, ಅಧಿಕಾರದಲ್ಲಿದ್ದದ್ದು ಜನತಾ ಸರ್ಕಾರ. ತುರ್ತುಪರಿಸ್ಥಿತಿಯಲ್ಲಿ ನೊಂದ ಎಷ್ಟೋ ಜನರಿಗೆ ಆಗ ಒಳಗೊಳಗೇ ಸಮಾಧಾನ ಆಗಿರಬಹುದು. ಮೇನಕಾ ಸುಪ್ರೀಂ ಕೋರ್ಟಿಗೆ ಹೋದರು, ಕೋರ್ಟ್ 1978ರ ಜನವರಿಯಲ್ಲಿ ಹೇಳಿದ್ದೇ ಬೇರೆ. ವಿದೇಶಕ್ಕೆ ಹೋಗಿಬರುವುದು 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಅದನ್ನು ಕಿತ್ತುಕೊಳ್ಳುವ ಕ್ರಮ ನ್ಯಾಯವಾಗಿ ಇರಬೇಕು, ಮನಸ್ಸಿಗೆ ಬಂದಂತೆ ಅಲ್ಲ. ಯಾರ ಮೇಲೆ ನಮಗೆ ಸಿಟ್ಟಿದೆಯೋ ಅವರಿಗಾಗಿ ಬಂದ ತೀರ್ಪು ಇವತ್ತು ನಿನ್ನನ್ನೂ ಕಾಯುತ್ತಿದೆ. ನೀನು ಹೀಥ್ರೋದಲ್ಲಿ ನಮ್ಮನ್ನು ತಬ್ಬಿಕೊಂಡೆಯಲ್ಲ, ಆ ಬರುವುದು ಹೋಗುವುದು ಯಾವ ಸಾಹೇಬರೂ ಕೊಟ್ಟ ಭಿಕ್ಷೆ ಅಲ್ಲ.

ಮತ್ತೆ ನಮ್ಮ ಪುಟ್ಟಸ್ವಾಮಿಯವರು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿ ನಿವೃತ್ತರಾದವರು. ಆಧಾರ್ ವಿಷಯದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಅದೇ ತೀರ್ಪಿನಲ್ಲಿ 1976ರ ಆ ತೀರ್ಪನ್ನೂ ತಳ್ಳಿಹಾಕಿದರು. ಹಾಗೆ ತಳ್ಳಿಹಾಕಿ ಬರೆದವರು ಡಿ.ವೈ. ಚಂದ್ರಚೂಡ್, ಹಳೇ ತೀರ್ಪಿಗೆ ಸಹಿ ಹಾಕಿದವರಲ್ಲಿ ಅವರ ತಂದೆಯೂ ಒಬ್ಬರು. ಇದನ್ನು ಓದಿದ ದಿನ ನಾನು ನಿಮ್ಮಪ್ಪನನ್ನು ಕರೆದು ಕೂರಿಸಿ ಗಟ್ಟಿಯಾಗಿ ಓದಿ ಹೇಳಿದ್ದೆ.

ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿನ್ನ ಚಿಕ್ಕಪ್ಪನ ಮಗ ಈ ಸಲ ಅಮೆರಿಕಕ್ಕೆ ಓದಲು ಹೊರಟ. 2025ರ ಜೂನ್‌ನಿಂದ ಅಲ್ಲಿಯ ವಿದ್ಯಾರ್ಥಿ ವೀಸಾಕ್ಕೆ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕಂತೆ. ಇಂಟರ್‌ವ್ಯೂ ಹಿಂದಿನ ರಾತ್ರಿ ಆ ಹುಡುಗ ನಮ್ಮ ಮನೆಯ ಸೋಫಾದಲ್ಲಿ ಕೂತು ಒಂದೊಂದೇ ಫೋಟೋ ಅಳಿಸಿದ. ಕಾಲೇಜಿನ ಬೀದಿ ನಾಟಕದ ಫೋಟೋಗಳು. ಅದು ಕುಡಿಯುವ ನೀರಿನ ನಾಟಕ, ಅದರಲ್ಲಿ ಅಮೆರಿಕದ ಸುದ್ದಿಯೂ ಇರಲಿಲ್ಲ. ಅವನನ್ನು ನಾನು ತಪ್ಪು ಅನ್ನುವುದಿಲ್ಲ, ಅವನ ಮುಂದೆ ನಿಯಮ ಇತ್ತು, ಭಯಕ್ಕೆ ಕಾರಣ ಇತ್ತು. ನಿನ್ನ ಮುಂದೆ ಏನಿದೆ? ಒಬ್ಬರ "ಇದು ಬೇಕಾ" ಅನ್ನುವ ಮಾತು. ನಿನ್ನ ವೀಸಾ ಅರ್ಜಿಯನ್ನು ಕೂತು ಓದು, ಏನು ಕೇಳಿದ್ದಾರೆ ನೋಡು, ಬೇಕಾದರೆ ತಿಳಿದವರನ್ನು ಕೇಳು. ನಿಜವಾಗಿ ಅಪಾಯ ಇದ್ದರೆ ಆಗ ಯೋಚಿಸೋಣ, ನೀನು ಕಷ್ಟಕ್ಕೆ ಸಿಕ್ಕಿಕೊಳ್ಳಲಿ ಅಂತ ಯಾವ ತಾಯಿಯೂ ಬಯಸುವುದಿಲ್ಲ. ಆದರೆ ಯಾರೂ ತಡೆಯದೇ ಇರುವಾಗ ನೀನೇ ಮೊದಲೇ ಬಾಯಿ ಮುಚ್ಚಿಕೊಳ್ಳಬೇಡ.

ಹಿರಿಯರ ಹತ್ತಿರವೂ ಒಂದು ಸಲ ಹೋಗಿ ಮಾತಾಡು. ಜಗಳಕ್ಕೆ ಅಲ್ಲ. ಸ್ಕ್ರಿಪ್ಟ್ ಕೊಟ್ಟು, ಓದಿ ಸಾರ್, ಯಾವ ಸಾಲು ಸರಿ ಕಾಣಲಿಲ್ಲ ಹೇಳಿ ಅಂತ ಕೇಳು. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಇಡಿಸಿಕೊಂಡ ಕನ್ನಡದ ಜನ ನಾವು, ಮಾತಿಗೆ ಮಾತು ಕೂಡಿಸಿ ಕೂರುವುದು ನಮಗೆ ಹೊಸದಲ್ಲ. ಬಹುಶಃ ಅವರು ಕೇಳಿದ್ದು ನಾಟಕ ಉದ್ದ ಆಯಿತು ಅಂತಲೂ ಇರಬಹುದು.

ಉದ್ದ ಆಗಿದ್ದರೆ ಎರಡನೇ ದೃಶ್ಯದ ಮದುವೆ ಊಟದ ಮಾತು ಕತ್ತರಿಸು, ಅಲ್ಲಿ ಒಂದೇ ತಮಾಷೆ ಮೂರು ಸಲ ಬರುತ್ತದೆ. ಠಾಣೆಯಲ್ಲಿ ಮುರುಕು ಕುರ್ಚಿ ಇರಲಿ, ರಿಜಿಸ್ಟರ್ ಇರಲಿ. ಮುದುಕಿ ಕೇಳಿದ ಮೇಲೆ ಕಾನ್‌ಸ್ಟೇಬಲ್ ತಕ್ಷಣ ಉತ್ತರ ಕೊಡುವುದು ಬೇಡ, ಒಂದು ಪುಟ ತಿರುವಲಿ. ಮುದುಕಿಯ ಪಾತ್ರ ಮಾಡುವವಳಿಗೆ ಅಳಬೇಡ ಅಂತ ಹೇಳು, ಅಂಗಡಿಯಲ್ಲಿ ಸಕ್ಕರೆ ರೇಟು ಕೇಳಿದಷ್ಟು ಸಲೀಸಾಗಿ ಕೇಳಲಿ. ಅವಳಿಗೆ ನನ್ನ ಹಳೇ ಇಳಕಲ್ ಸೀರೆ ಸರಿಹೋಗುತ್ತದೆ. ಮುಂದಿನ ವಾರ ಊರಿನಿಂದ ನಿಮ್ಮ ಕಡೆ ಬರುವವರೊಬ್ಬರು ಇದ್ದಾರೆ, ಚಟ್ನಿಪುಡಿಯ ಜೊತೆ ಅದನ್ನೂ ಕಳಿಸುತ್ತೇನೆ. ರಿಹರ್ಸಲ್ ಯಾವತ್ತು ಅಂತ ತಿಳಿಸು, ವಿಡಿಯೋ ಕಾಲ್ ಹಾಕು, ನಿಮ್ಮಪ್ಪನೂ ನೋಡುತ್ತಾರಂತೆ.

ಪ್ರೀತಿಯಿಂದ,
ಅಮ್ಮ