ಹಲ್ಲು ನೋಯುತ್ತದೆ ಅಂತ ಹೇಳಲಾಗದವರ ಪರವಾಗಿ ಒಂದು ಮನವಿ

ಆತ್ಮೀಯರೇ,

ಬೌದ್ಧಿಕ ಅಂಗವಿಕಲತೆ ಇರುವವರ ನಮ್ಮ ಶಾಲೆಗೆ ಈ ಸಲ ಕಟ್ಟಡ ಬೇಡ. ಕಂಪ್ಯೂಟರೂ ಬೇಡ. ಹುಟ್ಟುಹಬ್ಬದ ಲೆಕ್ಕದಲ್ಲಿ ಪಾಯಸದ ಊಟ ಹಾಕಿಸುವವರಂತೂ ದಯವಿಟ್ಟು ಸ್ವಲ್ಪ ತಡೆಯಿರಿ. ಮಾರ್ಚ್‌ವರೆಗೆ ದಿನ ತುಂಬಿದೆ, ಅಷ್ಟೂ ಸಿಹಿಯ ಪರಿಣಾಮ ನಮ್ಮವರ ಹಲ್ಲಿನ ಮೇಲೂ ತೂಕದ ಮೇಲೂ ಕಾಣತೊಡಗಿದೆ. ಈಗ ಕೇಳುತ್ತಿರುವುದು ತಪಾಸಣೆಗೆ, ಹಲ್ಲಿನ ಚಿಕಿತ್ಸೆಗೆ, ಹುಬ್ಬಳ್ಳಿಗೆ ಹೋಗಿಬರುವ ಗಾಡಿ ಬಾಡಿಗೆಗೆ, ಜೊತೆಗೆ ಹೋಗುವವರ ಕೂಲಿಗೆ. ಬೇಕಾದ್ದು ಒಟ್ಟು 6,10,000 ರೂಪಾಯಿ. ಕೈಯಲ್ಲಿರುವುದು 1,85,000. ಯಾಕೆ ಬೇಕು ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಓದಿ.

ಉತ್ತರ ಕನ್ನಡದ ಘಟ್ಟದ ಮೇಲಿನ ನಮ್ಮ ಶಾಲೆಗೆ 64 ಜನ ಬರುತ್ತಾರೆ. 'ಮಕ್ಕಳು' ಅನ್ನುವುದು ನಮ್ಮ ಬಾಯಿಮಾತು ಅಷ್ಟೆ. ಅವರಲ್ಲಿ 27 ಜನ ಹದಿನೆಂಟು ದಾಟಿದವರು, ಇಬ್ಬರ ತಲೆ ನನ್ನ ತಲೆಗಿಂತ ಹೆಚ್ಚು ನರೆತಿದೆ. ಸರ್ಕಾರಿ ಕಾಗದದಲ್ಲಿ ಇವರಿಗೆ ಬೌದ್ಧಿಕ ಅಂಗವಿಕಲತೆ, ಊರವರ ಬಾಯಲ್ಲಿ ಬುದ್ಧಿಮಾಂದ್ಯ, ವೇದಿಕೆ ಮೇಲೆ ಮೈಕು ಸಿಕ್ಕವರಿಗೆ ದೇವರ ಮಕ್ಕಳು. 2011ರ ಜನಗಣತಿ ದೇಶದಲ್ಲಿ ಇಂಥವರು ಸುಮಾರು 15 ಲಕ್ಷ ಅನ್ನುತ್ತದೆ. ಗಣತಿಗೆ ಬಂದ ಮಾಸ್ತರರ ಎದುರು ಎಷ್ಟು ಮನೆಯವರು ಬಾಯಿ ಬಿಟ್ಟಿದ್ದಾರು ಅನ್ನುವುದು ಬೇರೆ ಮಾತು.

ನಮ್ಮಲ್ಲಿ ಒಬ್ಬ ಹುಡುಗ ಇದ್ದಾನೆ. ತಾಯಿ 'ಬರೀರಿ ಅಕ್ಕೋರೆ' ಅಂದರೂ ಹೆಸರು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಇದಾದಾಗ ಅವನಿಗೆ ಹದಿನಾರು. ಬರುವ ಮಾತು ನಾಲ್ಕೇ: ಅಮ್ಮ, ಅನ್ನ, ಬಸ್ಸು, ಬೇಡ. ಇದ್ದಕ್ಕಿದ್ದ ಹಾಗೆ ಬಲಗೆನ್ನೆಗೆ ಹೊಡೆದುಕೊಳ್ಳಲು ಶುರುಮಾಡಿದ. ಮೊದಲು ಅಂಗೈಯಲ್ಲಿ, ಆಮೇಲೆ ಮುಷ್ಟಿ ಕಟ್ಟಿ. ಊಟದ ತಟ್ಟೆ ದೂಡುವುದು, ರಾತ್ರಿಯೆಲ್ಲ ಅಳುವುದು. ಅವನ ಡೈರಿಯಲ್ಲಿ ನಾನೇ ನನ್ನ ಕೈಯಾರೆ 'ಹಠ ಹೆಚ್ಚಾಗಿದೆ' ಅಂತ ಬರೆದೆ. ಪೆಟ್ಟು ತಾಗದಿರಲಿ ಅಂತ ಹಳೆ ಚಾದರದ ಬಟ್ಟೆಯಲ್ಲಿ ಕೈಗವಸು ಹೊಲಿಸಿ ಹಾಕಿದೆವು. ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದರೆ ಎರಡು ನಿಮಿಷ ನೋಡಿ, 'ಇಂಥ ಮಕ್ಕಳು ಹೀಗೇ' ಅಂತ ಸಿಟ್ಟು ಇಳಿಸುವ ಮಾತ್ರೆ ಬರೆದುಕೊಟ್ಟರು. ಮಾತ್ರೆ ತಿಂದು ಜೊಲ್ಲು ಸುರಿಸುತ್ತ ಬೆಂಚಿನ ಮೇಲೆ ಬಿದ್ದಿರುತ್ತಿದ್ದ. ಎಚ್ಚರಾದರೆ ಮತ್ತೆ ಕೆನ್ನೆಗೆ ಏಟು. ಹೀಗೆ ಐದು ತಿಂಗಳು.

ಕೊನೆಗೆ ಕಂಡುಹಿಡಿದದ್ದು ಅಡುಗೆ ಮಾಡುವ ನಮ್ಮ ಅಕ್ಕ. 'ಅಕ್ಕೋರೆ, ಮಾಣಿ ಬರೀ ಎಡಬದಿಯಲ್ಲಿ ಅಗೀತಾನೆ ನೋಡಿ. ಸಾರು ಬಿಸಿಯಿದ್ರೆ ಬಾಯಿಗೇ ಹಾಕೋದಿಲ್ಲ' ಅಂದರು. ಇಬ್ಬರು ಹಿಡಿದುಕೊಂಡು ಟಾರ್ಚ್ ಬಿಟ್ಟು ನೋಡಿದೆವು. ಬಲಗಡೆ ಕೆಳಗಿನ ದವಡೆ ಹಲ್ಲು ಬುಡದವರೆಗೆ ಹುಳುಕು, ವಸಡಿನಲ್ಲಿ ಕೀವು. ನೋಯುವ ಜಾಗ ಯಾವುದು ಅಂತ ಅವನು ಐದು ತಿಂಗಳಿಂದ ದಿನಾ ತೋರಿಸುತ್ತಲೇ ಇದ್ದ. ಹಲ್ಲು ಕೀಳಿಸಿ ಎರಡನೇ ವಾರಕ್ಕೆ ಗವಸು ಕಸದ ಬುಟ್ಟಿ ಸೇರಿತು. ಡೈರಿಯ ಆ ಪುಟ ಮಾತ್ರ ಹಾಗೇ ಇದೆ. ಹೊಸದಾಗಿ ಸೇರುವ ಶಿಕ್ಷಕಿಯರಿಗೆ ಮೊದಲ ದಿನ ಅದನ್ನೇ ಓದಿಸುತ್ತೇನೆ.

ನಮ್ಮವರಿಗೆ ಕಾಯಿಲೆ ಬಂದರೆ ಹೀಗೇ ಆಗುವುದು. ಕೂಗಿದರೆ, ಕಚ್ಚಿದರೆ, ಮಂಕಾಗಿ ಮೂಲೆ ಹಿಡಿದರೆ, ಎಲ್ಲವನ್ನೂ ಬುದ್ಧಿಮಾಂದ್ಯದ ಖಾತೆಗೆ ಹಾಕಿ ಮುಗಿಸುತ್ತಾರೆ. ಹಲ್ಲುನೋವು, ಕಿವಿನೋವು, ನಾಲ್ಕು ದಿನದ ಮಲಬದ್ಧತೆ, ಮುಟ್ಟಿನ ಹೊಟ್ಟೆನೋವು ಇವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಸರ್ಕಾರವೇ ಎಲ್ಲರ ಚಿಕಿತ್ಸೆ ನೋಡಿಕೊಳ್ಳುವ ಇಂಗ್ಲೆಂಡಿನಲ್ಲೂ ಇದೇ ಪಾಡು. ಆ ದೇಶದ ನೈಋತ್ಯ ಭಾಗದಲ್ಲಿ ಇಂಥವರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ವಿಚಾರಣಾ ವರದಿ 2013ರಲ್ಲಿ ಹೊರಬಂತು. ಉಳಿದ ಜನರಿಗಿಂತ ಗಂಡಸರು 13 ವರ್ಷ, ಹೆಂಗಸರು 20 ವರ್ಷ ಮೊದಲೇ ತೀರಿಹೋಗುತ್ತಿದ್ದರು. ಅದರಲ್ಲಿ ಎಷ್ಟೋ ಸಾವು ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕಿದ್ದರೆ ತಪ್ಪುತ್ತಿದ್ದವು. ಅಲ್ಲಿ ಹದಿನಾಲ್ಕು ದಾಟಿದ ಇಂಥವರಿಗೆ ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆಯ ಸೌಲಭ್ಯ ಇದೆ. ಯಾರೂ ಬಾಯಿ ಬಿಟ್ಟು ಹೇಳುವವರೆಗೆ ಕಾಯುವುದಿಲ್ಲ, ಕರೆದು ನೋಡುತ್ತಾರೆ. ನಾವು ಮಾಡಹೊರಟಿರುವುದೂ ಅಷ್ಟೇ.

ಕಳೆದ ವರ್ಷ ಪ್ರಯೋಗಕ್ಕೆ ಅಂತ ಇಪ್ಪತ್ತು ಜನರನ್ನು ನೋಡಿಸಿದೆವು. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ ಒಂದು ಬಗೆಯ ಬೌದ್ಧಿಕ ಅಂಗವಿಕಲತೆ) ಇರುವ ಒಬ್ಬರು, ವಯಸ್ಸು 38, ಶಾಲೆಯ ಗಂಟೆ ಹೊಡೆಯುವ ಕೆಲಸ ಅವರದ್ದೇ. ಒಂದು ವರ್ಷದಿಂದ ಗಂಟೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಕೂತಲ್ಲೇ ತೂಕಡಿಕೆ, ಮುಖ ಊದಿಕೊಂಡ ಹಾಗೆ. 'ದಪ್ಪ ಆಗಿ ಆಲಸಿ ಆಗಿದಾನೆ' ಅಂತ ಅಣ್ಣ ಬೈಯುತ್ತಿದ್ದರು. ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಪೂರ್ತಿ ಕೈಕೊಟ್ಟಿತ್ತು. ಡೌನ್ ಸಿಂಡ್ರೋಮ್ ಇರುವವರಲ್ಲಿ ಇದು ಬಹಳ ಸಾಮಾನ್ಯ. ಹುಟ್ಟುವಾಗಲೇ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ, ನಲವತ್ತು ದಾಟಿದರೆ ಮರೆವಿನ ಕಾಯಿಲೆಯೂ ಬೇಗ ಹಿಡಿಯುತ್ತದೆ. ದಿನಾ ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ ಒಂದು ಸಣ್ಣ ಮಾತ್ರೆ ಶುರುವಾಯಿತು. ಈಗ ಹತ್ತು ಗಂಟೆಯ ಗಂಟೆಯನ್ನು ಅವರು ಒಂಬತ್ತು ಐವತ್ತಕ್ಕೇ ಹೊಡೆಯುತ್ತಾರೆ, ಅದನ್ನು ತಿದ್ದುವ ಗೋಜಿಗೆ ನಾವು ಹೋಗಿಲ್ಲ.

ಹೇಳಿದ ಮಾತು ತಿಳಿಯುವುದಿಲ್ಲ ಅಂತ ಕೆಳಗಿನ ಗುಂಪಿನಲ್ಲಿ ಕೂರಿಸಿದ್ದ ಹುಡುಗಿಯ ಎರಡೂ ಕಿವಿಯಲ್ಲಿ ಗುಗ್ಗೆ ಕಲ್ಲಾಗಿತ್ತು. ಆ ಗುಂಪಿನಲ್ಲಿ ಕೂರಿಸಿದವಳೂ ನಾನೇ.

ಇನ್ನು ಫಿಟ್ಸ್. ಬೌದ್ಧಿಕ ಅಂಗವಿಕಲತೆ ಇರುವವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಇದು ಇರುತ್ತದೆ. ನಮ್ಮಲ್ಲಿ 15 ಜನಕ್ಕಿದೆ. ಫಿಟ್ಸ್ ಬಂದಾಗ ಮನೆಯವರು ಕೈಗೆ ಬೀಗದ ಕೈ ಹಿಡಿಸುವುದನ್ನು ಬಿಡಿಸಲು ನಮಗೆ ಎಂಟು ವರ್ಷ ಬೇಕಾಯಿತು, ಈಗ ಪಕ್ಕಕ್ಕೆ ಹೊರಳಿಸಿ, ಎಷ್ಟು ಹೊತ್ತು ಇರುತ್ತದೆ ಅಂತ ಗಡಿಯಾರ ನೋಡುತ್ತಾರೆ. ಆದರೆ ಮಾತ್ರೆಯ ಕಥೆ ಬೇರೆ. ನಮ್ಮಲ್ಲಿ ಒಬ್ಬಳ ತಾಯಿ ಕಳೆದ ಮಳೆಗಾಲದಲ್ಲಿ ಹೃದಯಾಘಾತವಾಗಿ ತೀರಿಕೊಂಡಳು. ಮಗಳಿಗೆ ಯಾವ ಮಾತ್ರೆ, ಎಷ್ಟು, ಯಾವ ಹೊತ್ತಿಗೆ, ಯಾವುದಕ್ಕೆ ಮೈಮೇಲೆ ಗಂದೆ ಏಳುತ್ತದೆ, ಎಲ್ಲ ಆ ತಾಯಿಯ ತಲೆಯಲ್ಲಿತ್ತು. ಹದಿನಾಲ್ಕು ದಿನ ಕಳೆದು ತಮ್ಮ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮೇಜಿನ ಮೇಲೆ ಸುರಿದ. ಎಲ್ಲ ಕತ್ತರಿಯಲ್ಲಿ ಕತ್ತರಿಸಿಕೊಟ್ಟ ತುಂಡುಗಳು, ನಾಲ್ಕು ಮಾತ್ರೆ, ಆರು ಮಾತ್ರೆ. ಹೆಸರಿರುವ ಬದಿ ಅಂಗಡಿಯಲ್ಲೇ ಉಳಿದಿದೆ. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೋ ಅದೇ ಆಯಿತು, ಮಗಳು ಮೂರು ದಿನ ತೀವ್ರ ನಿಗಾ ಘಟಕದಲ್ಲಿದ್ದಳು. ಬದುಕಿದಳು.

ಅದಕ್ಕೇ ಈಗ ಪ್ರತಿಯೊಬ್ಬರಿಗೂ ಒಂದು ಆರೋಗ್ಯ ಪುಸ್ತಕ. ಇನ್ನೂರು ಪುಟದ ಸಾದಾ ನೋಟ್‌ಬುಕ್, ಮೇಲೆ ಪ್ಲಾಸ್ಟಿಕ್ ಹೊದಿಕೆ. ಮೊದಲ ಪುಟದಲ್ಲಿ ಮಾತ್ರೆಯ ಹೆಸರು ಮತ್ತು ಪ್ರಮಾಣ. ಎರಡನೇ ಪುಟ ತಾಯಂದಿರನ್ನು ಕೂರಿಸಿಕೊಂಡು ತುಂಬಿಸಿದ್ದು, 'ನನಗೆ ನೋವಾದರೆ ನಾನು ಏನು ಮಾಡುತ್ತೇನೆ' ಅಂತ ತಲೆಬರಹ. ಒಬ್ಬಳು ಬರೆಸಿದ್ದಾಳೆ: 'ತಲೆ ನೋವಾದ್ರೆ ನನ್ನ ಸೆರಗು ತಗೊಂಡು ಹಣೆಗೆ ಸುತ್ತಿಕೊಳ್ತಾನೆ.' ಇನ್ನೊಬ್ಬಳದು: 'ಜ್ವರ ಬಂದ್ರೆ ಚಪ್ಪಲಿ ಬಿಡೋದಿಲ್ಲ, ಹಾಸಿಗೆಗೂ ಹಾಕ್ಕೊಂಡೇ ಹೋಗ್ತಾಳೆ.' ಯಾವ ವೈದ್ಯರಿಗೆ ಇದು ಓದಿನಲ್ಲಿ ಸಿಕ್ಕೀತು?

ಸರ್ಕಾರದಿಂದ ಏನೂ ಇಲ್ಲವೇ ಅಂತ ನೀವು ಕೇಳಬಹುದು. ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಕಲಮಿನಲ್ಲಿ ಚಿಕಿತ್ಸೆಗೆ ಇವರಿಗೆ ಆದ್ಯತೆ ಕೊಡಬೇಕು ಅಂತ ಬರೆದಿದೆ. ಅದರ ಪ್ರತಿಯೊಂದನ್ನು ಜೊತೆಗೆ ಹೋಗುವವರ ಚೀಲದಲ್ಲಿ ಇಟ್ಟಿರುತ್ತೇವೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ವಯಸ್ಸಿನ ಮಿತಿ ಇಲ್ಲ, ಹೊರರೋಗಿ ಚಿಕಿತ್ಸೆ ಮತ್ತು ಥೆರಪಿಗೂ ಒಳಮಿತಿಯಲ್ಲಿ ಹಣ ಬರುತ್ತದೆ. ಒಳ್ಳೆಯ ಯೋಜನೆ, ನಿಮ್ಮ ಪರಿಚಯದವರಿದ್ದರೆ ಖಂಡಿತ ಹೇಳಿ. ತೊಡಕು ಒಂದೇ: ಮೊದಲು ನಾವು ಕಟ್ಟಬೇಕು, ಆಮೇಲೆ ಬಿಲ್ಲು ಕಳಿಸಿ ವಾಪಸು ಪಡೆಯಬೇಕು. ಮೊದಲು ಕಟ್ಟಲು ದುಡ್ಡಿದ್ದವರಿಗೆ ಮಾತ್ರ ವಿಮೆ ಅನ್ನುವಂತಾಗಿದೆ.

ಆಸ್ಪತ್ರೆಯ ಒಂದು ದಿನ ಹೇಗಿರುತ್ತದೆ ಅನ್ನುವುದನ್ನೂ ತಿಳಿದಿರಿ. ನಮ್ಮ ಜಿಲ್ಲೆಯವರು ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಂತ ಓಡುವುದು ನಿಮಗೆ ಹೊಸದಲ್ಲ. ನಮ್ಮವರು ಓಡುವುದಾದರೆ ತಾಯಿಯ ಕೂಲಿ ಹೋಯಿತು, ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಾದ್ದರಿಂದ ಅಪ್ಪನ ಕೂಲಿಯೂ ಹೋಯಿತು. ಬಸ್ಸಿನಲ್ಲಿ ಕೂಗಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಚೀಟಿ ಮಾಡಿಸಿ ಮೂರು ತಾಸು ಕಾಯಬೇಕು, ನಮ್ಮ ಕೆಲವರಿಗೆ ಮೂರು ನಿಮಿಷ ಒಂದು ಕಡೆ ಕೂರಲಾಗದು. ಒಳಗೆ ಹೋದರೆ ಬಿಳಿ ಕೋಟು ಕಂಡೇ ನೆಲದ ಮೇಲೆ ಮಲಗಿಬಿಡುತ್ತಾರೆ. 'ಸುಮ್ಮನಿರಿಸಿಕೊಂಡು ಬನ್ನಿ' ಅಂತ ವಾಪಸು ಕಳಿಸಿದ್ದೂ ಇದೆ. ಎರಡು ಸಲ ಹೀಗಾದ ಮೇಲೆ ಮೂರನೇ ಸಲ ಹೋಗುವ ಧೈರ್ಯ ಯಾರಿಗಿರುತ್ತದೆ? ಅಡಿಕೆಯ ಕೊನೆಕೊಯ್ಲು ಶುರುವಾದರಂತೂ ಮುಗಿಯಿತು, ಫೆಬ್ರವರಿಯವರೆಗೆ ನೋವು ಕಾಯಬೇಕು. ನಾವು ತಪಾಸಣೆಯನ್ನು ಮಳೆ ನಿಂತ ಕೂಡಲೇ ಅಕ್ಟೋಬರಿನಲ್ಲಿ ಇಟ್ಟುಕೊಂಡಿರುವುದು ಇದಕ್ಕೇ. ವೈದ್ಯರು, ಲ್ಯಾಬಿನವರು ಶಾಲೆಗೇ ಬರುತ್ತಾರೆ. ಒಂದು ವಾರ ಮೊದಲಿನಿಂದ ನಮ್ಮ ಶಿಕ್ಷಕಿಯರು ಬಿಳಿ ಕೋಟು ಹಾಕಿಕೊಂಡೇ ಪಾಠ ಮಾಡುತ್ತಾರೆ, ಅಂಗಿ ತೋಳು ಮಡಚಿ ರಬ್ಬರ್ ಪಟ್ಟಿ ಕಟ್ಟುವ ಆಟ ಆಡಿಸುತ್ತಾರೆ.

ಲೆಕ್ಕ ಹೀಗಿದೆ. ಒಬ್ಬರ ಪೂರ್ತಿ ತಪಾಸಣೆಗೆ, ಅಂದರೆ ರಕ್ತ, ಥೈರಾಯ್ಡ್, ಹಲ್ಲು, ಕಣ್ಣು, ಕಿವಿ ಎಲ್ಲ ಸೇರಿ, 2,500 ರೂಪಾಯಿ. 64 ಜನಕ್ಕೆ 1,60,000. ಏಳು ಜನರಿಗೆ ಪೂರ್ತಿ ಅರಿವಳಿಕೆ ಕೊಟ್ಟೇ ಹಲ್ಲಿನ ಕೆಲಸ ಮಾಡಬೇಕು. ಬಾಯಿ ತೆರೆದಿಡಿ ಅಂದರೆ ತಿಳಿಯದವರಿಗೆ ಬೇರೆ ದಾರಿಯಿಲ್ಲ, ಅದು ನಮ್ಮ ತಾಲ್ಲೂಕಿನಲ್ಲಿ ಆಗುವುದೂ ಇಲ್ಲ. ಅವರಲ್ಲಿ ಮೂವರಿಗೆ ವರ್ಷಗಟ್ಟಲೆ ಫಿಟ್ಸಿನ ಫೆನಿಟಾಯಿನ್ ಮಾತ್ರೆ ತಿಂದು ವಸಡು ಊದಿ ಹಲ್ಲನ್ನೇ ಮುಚ್ಚಿದೆ. ಏಳು ಜನರಿಗೆ ತಲಾ 30,000ದಂತೆ 2,10,000. ಹುಬ್ಬಳ್ಳಿಗೆ ಇಪ್ಪತ್ತು ಸಲ ಗಾಡಿ, ಸಲಕ್ಕೆ 4,000ದಂತೆ 80,000. ಜೊತೆಗೆ ಹೋಗುವವರಿಗೆ ದಿನಕ್ಕೆ 600ರಂತೆ ನೂರು ದಿನಕ್ಕೆ 60,000. ಉಳಿದ 1,00,000 ಖರ್ಚಿನ ಹಣವಲ್ಲ, ತಿರುಗುವ ಹಣ: ಆಸ್ಪತ್ರೆಗೆ ಮುಂಗಡ ಕಟ್ಟುತ್ತೇವೆ, ನಿರಾಮಯದಿಂದ ವಾಪಸು ಬಂದದ್ದನ್ನು ಮತ್ತೊಬ್ಬರಿಗೆ ಕಟ್ಟುತ್ತೇವೆ. ಈ ಒಂದು ಲಕ್ಷದ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಆಸೆ.

ಕೊಡುವ ಕ್ರಮದ ಬಗ್ಗೆ ಎರಡು ಮಾತು. ನಗದಾಗಿ 2,000ಕ್ಕಿಂತ ಹೆಚ್ಚು ಕೊಟ್ಟರೆ ದೇಣಿಗೆಗೆ ಇರುವ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅದಕ್ಕೆ ಚೆಕ್ ಅಥವಾ ಯುಪಿಐ ಮೂಲಕ ಕೊಡಿ. ಪ್ಯಾನ್ ಸಂಖ್ಯೆ ತಿಳಿಸಿದರೆ ವಿನಾಯಿತಿಗೆ ಬೇಕಾದ ದೇಣಿಗೆ ಪ್ರಮಾಣಪತ್ರ ಕಳಿಸುತ್ತೇವೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಇಲ್ಲ, ಆದರೂ ಕೊಡಬಹುದು! ಹೊರದೇಶದಲ್ಲಿರುವ ನಮ್ಮ ಊರಿನವರು ಗಮನಿಸಿ: ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗೆ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಇಲ್ಲಿನ ನಿಮ್ಮ ಬ್ಯಾಂಕ್ ಖಾತೆಯಿಂದ ಕೊಡಬಹುದು, ಅಲ್ಲಿನ ಪೌರತ್ವ ಪಡೆದವರ ಹಣ ನಾವು ಪಡೆಯುವಂತಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಊರಲ್ಲಿರುವ ನಿಮ್ಮ ಅಣ್ಣನಿಗೋ ತಂಗಿಗೋ ಈ ಮನವಿ ಓದಲು ಕಳಿಸಿ. ಕೊಟ್ಟವರಿಗೆ ಮಾರ್ಚ್ ಕೊನೆಯಲ್ಲಿ ಖರ್ಚಿನ ಪಟ್ಟಿ ಬರುತ್ತದೆ. ಯಾರ ಫೋಟೋವೂ ಬರುವುದಿಲ್ಲ. ಬಾಯಿ ತೆರೆದು ಕೂತಿರುವ ನಿಮ್ಮ ಮಗನ ಚಿತ್ರ ಹತ್ತು ಜನರ ಮೊಬೈಲಿಗೆ ಹೋಗುವುದು ನಿಮಗೂ ಇಷ್ಟವಾಗಲಿಕ್ಕಿಲ್ಲ.

ಹಣ ಕೊಡಲಾಗದವರು ಒಂದು ದಿನ ಜೊತೆಗೆ ಬನ್ನಿ. ನಿವೃತ್ತ ಮಾಸ್ತರರು, ಕಾಲೇಜಿನ ಹುಡುಗರು ಯಾರಾದರೂ ಸರಿ. ಜೊತೆಗೆ ಹೋಗುವವರಿಗೆ ಕೊಡುವ ಕೂಲಿ ಅಷ್ಟು ಉಳಿಯುತ್ತದೆ, ತಾಯಂದಿರಿಗೆ ಶೌಚಾಲಯಕ್ಕೆ ಹೋಗಿಬರುವಷ್ಟು ಬಿಡುವಾದರೂ ಸಿಗುತ್ತದೆ. ಹುಬ್ಬಳ್ಳಿಯ ಗಾಡಿ ಬೆಳಗಿನ ಐದೂವರೆಗೆ ಶಾಲೆಯ ಗೇಟಿನಿಂದ ಹೊರಡುತ್ತದೆ. ತಿಂಡಿ ಮನೆಯಲ್ಲೇ ಮುಗಿಸಿ ಬನ್ನಿ. ಅರಿವಳಿಕೆ ಕೊಡುವವರನ್ನು ಖಾಲಿಹೊಟ್ಟೆಯಲ್ಲಿ ಕರೆದೊಯ್ಯುತ್ತೇವೆ, ದಾರಿಯಲ್ಲಿ ಅವರೆದುರು ಯಾರೂ ಚಾ ಕುಡಿಯುವಂತಿಲ್ಲ.

ಇಂತಿ,
ಮುಖ್ಯ ಶಿಕ್ಷಕಿ
(ಟ್ರಸ್ಟಿನ ಪರವಾಗಿ)