ಪೀಪಾಯಿಯ ಚಿತ್ರ ಇದ್ದರೆ ಸಾಲದು

ಮಾನ್ಯ ಸಂಪಾದಕರೇ,

ಹುರಿದ ಬಾರ್ಲಿಯಿಂದ ಮಾಡುವ ಕಪ್ಪು ಬಣ್ಣದ ಸ್ಟೌಟ್ ಬಿಯರನ್ನು ಪೀಪಾಯಿಯಲ್ಲಿ ಮಾಗಿಸುವ ಮಾತು ಬಂದಾಗಲೆಲ್ಲ ಅದರಲ್ಲಿ ಮದ್ಯಸಾರ ಎಷ್ಟು ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಅದು ಸಾಮಾನ್ಯವಾಗಿ ಶೇ 10ರಿಂದ 14ರವರೆಗೆ ಇರುತ್ತದೆ, ನಿಜ. ಆದರೆ ಆ ಬಿಯರ್ ನಿಜಕ್ಕೂ ಪೀಪಾಯಿಯಲ್ಲಿತ್ತೇ, ಇದ್ದರೆ ಎಷ್ಟು ತಿಂಗಳು ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಕೇಳಲೇಬೇಕಾದ ಪ್ರಶ್ನೆ ಅದು.

ಈಚೆಗೆ ನಾವು ಮೂವರು ಸ್ನೇಹಿತರು ಎರಡು ಬಾಟಲಿಗಳನ್ನು ಅಕ್ಕಪಕ್ಕದಲ್ಲಿಟ್ಟು ರುಚಿ ನೋಡಿದೆವು. ಮೊದಲನೆಯದರ ಮೇಲೆ, ಬರ್ಬನ್ ವಿಸ್ಕಿ ಇದ್ದ ಪೀಪಾಯಿಯಲ್ಲಿ 11 ತಿಂಗಳು ಮಾಗಿಸಿದ್ದು ಎಂದು ಸ್ಪಷ್ಟವಾಗಿ ಬರೆದಿತ್ತು. ಫ್ರಿಜ್‌ನಿಂದ ತೆಗೆದು ಸುರಿದಾಗ ಹುರಿದ ಬಾರ್ಲಿಯ ಕಹಿಯನ್ನು ಬಿಟ್ಟರೆ ಹೆಚ್ಚೇನೂ ಗೊತ್ತಾಗಲಿಲ್ಲ. ದುಂಡನೆಯ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಅರ್ಧ ಗಂಟೆ ಕಾದೆವು. ತಣ್ಣಗಿನ ಬಿಗಿ ಸಡಿಲವಾದಂತೆ ಮೊದಲು ವೆನಿಲಾ, ಆಮೇಲೆ ಹಸಿ ತೆಂಗಿನಕಾಯಿಯನ್ನು ಹೋಲುವ ಘಮ, ಕೊನೆಗೆ ಒಣದ್ರಾಕ್ಷಿಯ ಸಿಹಿ ಒಂದರ ಹಿಂದೊಂದು ಬಂದವು. ಗ್ಲಾಸನ್ನು ಓರೆ ಮಾಡಿದರೆ ಕಂದು ಪೊರೆಯೊಂದು ಗಾಜಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತಿತ್ತು.

ಈ ರುಚಿ ಮರದಿಂದ ಬಂದದ್ದು. ಬರ್ಬನ್ನನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕೆಂಬುದು ಅಮೆರಿಕದ ನಿಯಮವಾದ್ದರಿಂದ, ಒಮ್ಮೆ ಬಳಸಿದ ಸುಮಾರು 200 ಲೀಟರಿನ ಪೀಪಾಯಿಗಳು ಬಿಯರ್ ತಯಾರಕರ ಕೈಗೆ ಬರುತ್ತವೆ. ಬೆಂಕಿಯ ಕಾವಿಗೆ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಒಡೆದು, ವೆನಿಲಾ ಘಮದ ವೆನಿಲಿನ್ ಆಗಿರುತ್ತದೆ. ತೆಂಗಿನ ಘಮ ಓಕ್ ಮರದಲ್ಲೇ ಇರುವ ಲ್ಯಾಕ್ಟೋನ್ ಎಂಬ ಸುವಾಸನಾ ವಸ್ತುವಿನದು. ಹವೆ ಬಿಸಿಯಾದಾಗ ಬಿಯರ್ ಮರದೊಳಕ್ಕೆ ಇಳಿಯುತ್ತದೆ, ತಂಪಾದಾಗ ಹೊರಬರುತ್ತದೆ, ಹೀಗೆ ತಿಂಗಳುಗಟ್ಟಲೆ ನಡೆಯುವಾಗ ಒಂದಷ್ಟು ಆವಿಯಾಗಿ ಹೋಗುತ್ತದೆ, ಮರದ ಮೂಲಕ ನುಸುಳುವ ಚೂರು ಆಮ್ಲಜನಕ ಒರಟುತನವನ್ನು ತಗ್ಗಿಸುತ್ತದೆ. ಅತಿಯಾದರೆ ಒಗರು, ಬ್ಯಾಕ್ಟೀರಿಯಾ ಸೇರಿಕೊಂಡರೆ ಇಡೀ ಪೀಪಾಯಿಯೇ ಹುಳಿ. ಅದಕ್ಕೇ ನಿಷ್ಠೆಯುಳ್ಳ ತಯಾರಕರು ಪ್ರತಿ ಪೀಪಾಯಿಯ ರುಚಿ ನೋಡಿ, ಕೆಟ್ಟದ್ದನ್ನು ಚೆಲ್ಲಿ, ಉಳಿದದ್ದನ್ನು ಹದವಾಗಿ ಬೆರೆಸುತ್ತಾರೆ. ಆ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ.

ಎರಡನೆಯ ಬಾಟಲಿಯ ಮೇಲೆ ಪೀಪಾಯಿಯ ದೊಡ್ಡ ಚಿತ್ರವಿತ್ತು. ಅದರ ವೆನಿಲಾ ಮಂಜಿನಷ್ಟು ತಣ್ಣಗಿದ್ದಾಗಲೇ ಮೂಗಿಗೆ ಬಡಿಯಿತು, ಅರ್ಧ ಗಂಟೆಯ ನಂತರವೂ ಹಾಗೆಯೇ ಇತ್ತು, ನುಂಗಿದ ಮೇಲೆ ನಾಲಿಗೆಯಲ್ಲಿ ಅಂಟಂಟಾಗಿ ಉಳಿಯಿತು. ಬೆನ್ನ ಮೇಲಿನ ಸಣ್ಣಕ್ಷರ ಓದಿದಾಗ ತಿಳಿಯಿತು: ಓಕ್ ಚಕ್ಕೆ ಮತ್ತು ಸೇರಿಸಿದ ಸುವಾಸನೆ. ಚಕ್ಕೆ ಬಳಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಚಕ್ಕೆಯಿಂದಲೂ ಒಳ್ಳೆಯ ಬಿಯರ್ ಮಾಡಬಹುದು. ಪೀಪಾಯಿಯನ್ನೇ ಕಾಣದ ಬಿಯರನ್ನು ಪೀಪಾಯಿಯ ಚಿತ್ರ ತೋರಿಸಿ ಮಾರುವುದು ಮಾತ್ರ ಕೊಳ್ಳುವವನಿಗೆ ಮಾಡುವ ಮೋಸ.

ಯಾವ ಪೀಪಾಯಿ, ಎಷ್ಟು ತಿಂಗಳು, ಬಾಟಲಿಗೆ ತುಂಬಿದ್ದು ಯಾವಾಗ ಎಂಬುದನ್ನು ಲೇಬಲ್ಲಿನ ಮುಂಭಾಗದಲ್ಲೇ ಮುದ್ರಿಸುವುದನ್ನು ಕಡ್ಡಾಯಗೊಳಿಸಬೇಕು. ತಮ್ಮ ಪತ್ರಿಕೆಯಲ್ಲಿ ಇಂಥ ಪಾನೀಯಗಳ ಬಗ್ಗೆ ಬರೆಯುವವರು ಮದ್ಯಸಾರದ ಪ್ರಮಾಣದ ಜೊತೆಗೆ ಈ ವಿವರಗಳನ್ನೂ, 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದ ಮೇಲೆ ರುಚಿ ಹೇಗಿತ್ತು ಎಂಬುದನ್ನೂ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ